ಕವರ್ ಮಾತ್ರ ಕದ್ದವರು

೨೦೨೪ರ ಮಾರ್ಚ್ ೧೨, ಬೆಳಿಗ್ಗೆ ೯.೧೦. ನಿವೃತ್ತ ಉಕ್ಕು ಕಾರ್ಮಿಕ ಮರ್ವಿನ್ ಓಕ್ಲಿ ಏದುಸಿರು ಬಿಡುತ್ತ ವೊಲೊಂಗಾಂಗ್ ಠಾಣೆಗೆ ಬಂದ. ಹಳೆಯ ಗ್ರಾಮಫೋನ್ ರೆಕಾರ್ಡ್ ಸಂಗ್ರಹಿಸುವುದು ಅವನ ಹುಚ್ಚು.

"ಏನು ಕಳುವಾಯ್ತು?" ಸಾರ್ಜೆಂಟ್ ನೊರೀನ್ ಟಾಸ್ಕರ್ ಕೇಳಿದಳು.

"ಬರೀ ಕವರ್, ಮೇಡಂ. ರೆಕಾರ್ಡನ್ನ ಬಿಳಿ ಬಟ್ಟೇಲಿ ಸುತ್ತಿಟ್ಟು ಹೋಗಿದಾರೆ."

"ನೀವೆಲ್ಲಿದ್ರಿ?"

"ಪಕ್ಕದ ಕೋಣೇಲೇ. ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ್ಲೇ ಆಗಿರ್ಬೇಕು. ಇವತ್ತು ಬೆಳಿಗ್ಗೆ ನೋಡ್ದೆ."

ನೊರೀನ್ ಹಿಂದಿನ ದೂರುಗಳ ಕಡತ ತೆರೆದಳು. ಹದಿನೈದು ದಿನಗಳಲ್ಲಿ ಇದು ಮೂರನೆಯ ಕಳವು. ಮೂರೂ ಒಂದೇ ರೆಕಾರ್ಡಿನ ಪ್ರತಿಗಳು. ೧೯೭೩ರ ಆ ಕವರಿನ ಮೇಲೆ ಪತ್ರಿಕೆಯೊಂದರಲ್ಲಿ ಬಂದಿದ್ದ ಫೋಟೊ ಇತ್ತು: ಕಡಲಲ್ಲಿ ಮುಳುಗಿ ಸತ್ತವನನ್ನು ಜೀವರಕ್ಷಕರು ಹೊತ್ತು ತರುತ್ತಿದ್ದರು. ಜನ ಛೀಮಾರಿ ಹಾಕಿದ ಮೇಲೆ ಕಂಪನಿ ಅದನ್ನು ವಾರದೊಳಗೆ ಹಿಂತೆಗೆದುಕೊಂಡಿತ್ತು. ಅಷ್ಟರಲ್ಲಿ ಮಾರಾಟವಾಗಿದ್ದ ಕೆಲವೇ ಪ್ರತಿಗಳಿಗೆ ಈಗ ಸಂಗ್ರಾಹಕರು ಮುಗಿಬೀಳುತ್ತಿದ್ದರು.

"ರೆಕಾರ್ಡಿಲ್ಲದ ಕವರನ್ನ ಯಾರು ಕೊಳ್ತಾರೆ ಸಾರ್ಜ್? ಕಳ್ಳನಿಗೆ ತಲೆ ಕೆಟ್ಟಿದೆ," ಎಂದ ಕಾನ್‌ಸ್ಟೆಬಲ್ ಸಿಯೋನೆ ಫಿಫಿಟಾ.

"ಅದೇ ನನ್ನ ಭಯ ಕಣಯ್ಯ. ನಾಲ್ಕನೇ ಮನೇಲಿ ಯಾರಾದ್ರೂ ಎಚ್ಚರವಾಗ್ಬಿಟ್ರೆ?"

ಕಳೆದ ತಿಂಗಳು ಒಬ್ಬ ಹೆಂಗಸು ಬಂದು ಕವರನ್ನು ಸುಮ್ಮನೆ ದಿಟ್ಟಿಸಿ ಹೋದಳೆಂದು ಮರ್ವಿನ್ ನೆನಪಿಸಿಕೊಂಡ. ಕವರ್ ಕಳೆದುಕೊಂಡ ಉಳಿದಿಬ್ಬರೂ ಅದನ್ನೇ ಹೇಳಿದರು. ೧೧.೪೦ಕ್ಕೆ ಫಿಫಿಟಾ ಹಳೆಯ ಪತ್ರಿಕೆಯಲ್ಲಿ ಸತ್ತವನ ಹೆಸರು ಹುಡುಕಿ ತೆಗೆದ: ಆಲ್ವಿನ್ ಪ್ರೌಸ್. ಮಗಳು ಗ್ಲೆನಿಸ್, ೫೯ ವರ್ಷ, ಪೋರ್ಟ್ ಕೆಂಬ್ಲಾ ನಿವಾಸಿ. ಅವಳ ಫೋಟೊವನ್ನು ಮೂವರೂ ಗುರುತಿಸಿದರು. ಗ್ಲೆನಿಸ್ ಮನೆಗೆ ಬೀಗ ಹಾಕಿತ್ತು.

ಮರ್ವಿನ್ ಹೇಳಿದಂತೆ, ಸುತ್ತಮುತ್ತ ಉಳಿದಿದ್ದ ನಾಲ್ಕನೆಯ ಪ್ರತಿ ಇದ್ದದ್ದು ಥಿರೂಲ್‌ನ ಒಂಟಿ ಮುದುಕಿ ಗ್ವೆನ್ ಸ್ಯಾಟ್ಲರ್ ಬಳಿ. ಫೋನ್ ಮಾಡಿದರೆ ಎತ್ತುವವರಿಲ್ಲ.

"ಬೇಗ ಓಡಿಸು ಮಾರಾಯ!" ದಾರಿಯುದ್ದಕ್ಕೂ ನೊರೀನ್ ಫೋನ್ ಒತ್ತುತ್ತಲೇ ಇದ್ದಳು.

ಮಧ್ಯಾಹ್ನ ೨.೨೦. ಬಾಗಿಲು ತೆರೆದಿತ್ತು. ಗ್ವೆನ್ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ನೆಲದ ಮೇಲೆ ಗ್ಲೆನಿಸ್ ಕೂತಿದ್ದಳು. ಮಡಿಲಲ್ಲಿ ಕವರ್, ಕೈಯಲ್ಲಿ ಕತ್ತರಿ.

"ಕತ್ತರಿ ಕೆಳಗಿಡಿ, ಗ್ಲೆನಿಸ್."

ಅವಳು ತಕರಾರಿಲ್ಲದೆ ಇಟ್ಟಳು. "ಈಯಮ್ಮನ್ನ ಹೆದರಿಸ್ಬೇಕು ಅಂತಿರ್ಲಿಲ್ಲ. ಮನೇಲಿ ಯಾರೂ ಇಲ್ಲ ಅಂದ್ಕೊಂಡೆ."

ಅವಳನ್ನು ಬಂಧಿಸಿ, ಪೋರ್ಟ್ ಕೆಂಬ್ಲಾದ ಅವಳ ಮನೆ ಶೋಧಿಸಿ, ಫಿಫಿಟಾ ಪಂಚನಾಮೆ ಬರೆದ: ಕವರ್ ಮೂರು, ಪ್ರತಿಯೊಂದರಲ್ಲೂ ಹೆಬ್ಬೆರಳಿನಷ್ಟು ತೂತು. ಶವ, ಜೀವರಕ್ಷಕರು ಹಾಗೇ ಇದ್ದರು.

"ಇಲ್ಲಿ ಯಾರಿದ್ರು?" ನೊರೀನ್ ಠಾಣೆಯಲ್ಲಿ ತೂತು ತೋರಿಸಿ ಕೇಳಿದಳು.

"ನಾನು. ಎಂಟು ವರ್ಷ. ಅಪ್ಪ ಆಟ ಆಡ್ತಿದಾನೆ ಅಂದ್ಕೊಂಡು ನಗ್ತಾ ನಿಂತಿದ್ದೆ." ಗ್ಲೆನಿಸ್ ಮೇಜು ನೋಡುತ್ತ ಹೇಳಿದಳು. "ಮೊಮ್ಮಗಳು ಫೋನಲ್ಲಿ ಈ ಚಿತ್ರ ತೋರಿಸಿ ಕೇಳಿದ್ಲು. 'ಅಜ್ಜಿ, ಅಲ್ಲಿ ಒಬ್ರು ಸತ್ತಿದಾರೆ, ಈ ಹುಡುಗಿ ಯಾಕೆ ನಗ್ತಿದಾಳೆ?'"

"ನೀವೇನಂದ್ರಿ?"

"ಯಾರ ಮಗುನೋ ಏನೋ ಅಂದೆ."

ನೊರೀನ್ ಆ ಮಾತನ್ನು ಹಾಗೇ ಬರೆದುಕೊಂಡು, ಕೆಳಗೆ ಸಮಯ ಹಾಕಿದಳು: ಸಂಜೆ ೫.೩೫.