ಯಾರದು ಎಂದು ಕೇಳುವ ಎತ್ತು

ನನಗೆ ಕತೆ ಹೇಳಿ ಅಭ್ಯಾಸವಿಲ್ಲ, ಹಿಂದುಮುಂದಾದರೆ ಮನ್ನಿಸಬೇಕು.

ಬಹಳ ಕಾಲದ ಹಿಂದೆ, ಮೂಡಣ ರಾಜ್ಯಕ್ಕೂ ಪಡುವಣ ರಾಜ್ಯಕ್ಕೂ ನಡುವೆ ಏಳ್ಮನೆ ಎಂಬ ಊರಿತ್ತು. ಇದ್ದದ್ದು ಏಳೇ ಮನೆ, ಅದಕ್ಕೇ ಆ ಹೆಸರು. ಆ ನೆಲಕ್ಕಾಗಿ ಇಬ್ಬರು ರಾಜರೂ ಜಗಳವಾಡುತ್ತಿದ್ದರು. ಊರಿನವರು ಮಾತ್ರ ಕೂಡಿ ಉತ್ತು, ಕೂಡಿ ಬಿತ್ತಿ, ಒಂದೇ ಕಣದಲ್ಲಿ ರಾಶಿ ಮಾಡುತ್ತಿದ್ದರು. ಅಂದರೆ, ಯಾರಿಗೂ ಬೇರೆ ಹೊಲವಿರಲಿಲ್ಲ. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಒಂದು ದಿನ ಆ ಊರಿನ ದುರುಗವ್ವ ಕಳೆ ಕೀಳುತ್ತಿದ್ದಾಗ, ಧೂಮಕೇಶನೆಂಬ ಮಾಂತ್ರಿಕ ಕಬ್ಬಿಣದ ಎತ್ತೊಂದನ್ನು ಹೊಡೆದುಕೊಂಡು ಬಂದ. 'ಯಾರದು' ಎಂದು ಕೇಳುವುದೊಂದೇ ಆ ಎತ್ತಿನ ಕೆಲಸ. ಅದರೆದುರು 'ನನ್ನದು' ಎಂದವರು ಕಲ್ಲಾಗುತ್ತಿದ್ದರು. 'ನಮ್ಮದು' ಎಂದರೆ ಊರಿಗೆ ಊರೇ ಕಲ್ಲು. ಸುಮ್ಮನಿದ್ದರೆ ಎಲ್ಲವೂ ಮಾಂತ್ರಿಕನ ಪಾಲು. ಬೇರೆ ಊರುಗಳಲ್ಲಿ ಹೀಗಾದ ಸುದ್ದಿ ಏಳ್ಮನೆಗೆ ಮೊದಲೇ ಮುಟ್ಟಿತ್ತು.

"ಈ ಹೊಲ ಯಾರದು?" ಎಂದಿತು ಎತ್ತು.

ದುರುಗವ್ವ ಸೊಂಟ ನೆಟ್ಟಗೆ ಮಾಡಿಕೊಂಡು, "ಉತ್ತದ್ದು ಬೋರಜ್ಜ. ಅಜ್ಜನನ್ನು ಕೇಳು" ಎಂದಳು. ಬಿತ್ತಿದವಳು ಗಂಗಿ ಎಂದು ಬೋರಜ್ಜ ಅವಳನ್ನು ತೋರಿಸಿದ. ಗಂಗಿ ನೀರು ಕಟ್ಟಿದವರನ್ನು ತೋರಿಸಿದಳು. ಎತ್ತು ಸಂಜೆಯವರೆಗೂ ಏಳು ಮನೆ ಸುತ್ತಿತು.

ಮರುದಿನ ಬಾವಿ ಯಾರದೆಂದು ಕೇಳಿತು. ಅಗೆದವರು ಕಲ್ಲು ಕಟ್ಟಿದವರನ್ನು ತೋರಿಸಿದರು, ಅವರು ಹೂಳೆತ್ತಿದವರನ್ನು. ಎತ್ತು ಮತ್ತೆ ಸುತ್ತಿತು.

"ಇದನ್ನು ಗಾಣಕ್ಕಾದರೂ ಕಟ್ಟಪ್ಪ, ನಾಲ್ಕು ಹನಿ ಎಣ್ಣೆ ಬಂದೀತು" ಎಂದ ಬೋರಜ್ಜ.

ಮೂರನೆಯ ದಿನ ಸಿಟ್ಟಿಗೆದ್ದ ಮಾಂತ್ರಿಕ ದುರುಗವ್ವನ ಕೂಸನ್ನು ತೊಟ್ಟಿಲ ಸಮೇತ ಎತ್ತಿನ ಕೊಂಬಿಗೆ ನೇತುಹಾಕಿದ.

"ಈ ಕೂಸು ಯಾರದು?"

ಆ ಮಾತು ದುರುಗವ್ವನ ನಾಲಿಗೆಗೆ ಬಂದೇಬಿಟ್ಟಿತ್ತು. ಯಾವ ತಾಯಿಗೆ ಬಾರದು? ಅವಳು ರಕ್ತ ಬರುವಂತೆ ತುಟಿ ಕಚ್ಚಿದಳು.

"ನಾನು ಜ್ವರದಲ್ಲಿ ಬಿದ್ದಾಗ ಹಾಲೂಡಿಸಿದವಳು ಗಂಗಿ. ಅವಳನ್ನು ಕೇಳು."

ಗಂಗಿ ತೊಟ್ಟಿಲು ಮಾಡಿದ ಬೋರಜ್ಜನನ್ನು ತೋರಿಸಿದಳು. ಸುತ್ತಿ ಸುತ್ತಿ ಎತ್ತಿನ ಮೊಣಕಾಲು ಮಡಚಿತು. ದುರುಗವ್ವ ಕೂಸನ್ನು ಇಳಿಸಿಕೊಂಡು, ನೀರು ಸೇದಿ ಎತ್ತಿನ ಮುಂದಿಟ್ಟಳು.

"ಪಾಪ, ದಣಿದಿದೆ. ಯಾರದಪ್ಪ ಈ ಎತ್ತು?"

"ಮುಟ್ಟಬೇಡ, ಅದು ನನ್ನದು" ಎಂದ ಧೂಮಕೇಶ. ನಿಂತಲ್ಲೇ ಕಲ್ಲಾದ. ಹಿಂದೆ ಬೇರೆ ಊರುಗಳಲ್ಲಿ ಕಲ್ಲಾದವರೆಲ್ಲ ಎದ್ದು ತಂತಮ್ಮ ಮನೆಗೆ ನಡೆದರು. ನೀರು ಕುಡಿದ ಎತ್ತಿನ ಮೈಮೇಲೆ ಬಿಳಿ ಕೂದಲು ಬಂತು.

ಸುದ್ದಿ ಕೇಳಿ ಇಬ್ಬರು ರಾಜರೂ ದಂಡು ಸಮೇತ ಬಂದರು. ಎತ್ತು ಗಡಿಯಲ್ಲಿ ನಿಂತು ಕೇಳಿತು: "ಈ ನೆಲ ಯಾರದು?"

ರಾಜರು ಮಾಂತ್ರಿಕನ ಕಲ್ಲನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಸದ್ದಿಲ್ಲದೆ ಕುದುರೆ ತಿರುಗಿಸಿದರು.

ಏಳ್ಮನೆಯವರು ಆ ಕಲ್ಲಿನ ಮೇಲೆ ಮೆಣಸಿನಕಾಯಿ ಒಣಗಿಸುತ್ತ ಸುಖವಾಗಿದ್ದರು. ಎತ್ತು ಯಾರ ಕೊಟ್ಟಿಗೆಯಲ್ಲಿತ್ತು ಎಂದು ನೀವು ಕೇಳಬಹುದು. ಅದನ್ನೂ ಬಿಡಿಸಿ ಹೇಳುತ್ತೇನೆ: ಸೋಮವಾರ ಬೋರಜ್ಜನ ಮನೆ, ಮಂಗಳವಾರ ಗಂಗಿಯ ಮನೆ, ಬುಧವಾರ... ಇರಿ, ಒಳಗಿಂದ ಕರೆಯುತ್ತಿದ್ದಾರೆ. ಬಂದೆ, ಬಂದೆ. ಬುಧವಾರ