ಅರ್ಧ ಪೌಂಡ್ ಕಬ್ಬಿಣ

ತಮ್ಮ ದೇಶಕ್ಕೆ ವಾಪಸಾದ ಬಿಳಿ ದೊರೆಯೊಬ್ಬರು ಬಿಟ್ಟುಹೋಗಿದ್ದ ರೇಸ್ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ನಿಂಗಯ್ಯ ಆಲ್ದೂರಿನ ನಮ್ಮ ಕುಲುಮೆಗೆ ಬಂದ. ಅದು ಮೂವತ್ತೆಂಟನೇ ಇಸವಿ. ವಸ್ತಾರೆ ಕಡೆಯ ಎಸ್ಟೇಟಿನಲ್ಲಿ ಅವನು ರೈಟರ್. ಆಳುಗಳು ಕೊಯ್ದ ಕಾಫಿ ಹಣ್ಣು ತೂಗುವುದೇ ಅವನ ಕೆಲಸ.

ನನ್ನಪ್ಪ ಭೂತಯ್ಯನಿಗೆ ಕಣ್ಣು ಮಂಜಾದ ಮೇಲೆ ಬೆಸುಗೆಯ ಕೆಲಸವೆಲ್ಲ ನನ್ನದೇ. ಫ್ರೇಮಿನ ಕೊಳವೆಯನ್ನು ಉಗುರಿನಿಂದ ತಟ್ಟಿ ಕಿವಿಗೊಟ್ಟೆ. ನಿಂಗಯ್ಯ ನನ್ನ ಕಿವಿಯೋಲೆಯನ್ನೇ ನೋಡುತ್ತಿದ್ದ. ರಿಪೇರಿ ಅದಕ್ಕಲ್ಲ ಎಂದು ಹೇಳೋಣ ಅನ್ನಿಸಿತು.

"ಹ್ಯಾಂಡಲ್ ಹತ್ರ ಬಿರುಕು ಬಿಟ್ಟಿದೆ. ಕೊಳವೆ ತೀರಾ ತೆಳು. ಒಳಗೊಂದು ಕಬ್ಬಿಣದ ತುಂಡು ಕೂರಿಸ್ಬೇಕು."

"ಬೇಡ ದ್ಯಾವಮ್ಮ, ಭಾರ ಆಗುತ್ತೆ. ಮೇಲೆ ಹಿತ್ತಾಳೆ ಬೆಸುಗೆ ಸಾಕು. ಭಾನುವಾರ ರೇಸು."

"ಇಳಿಜಾರಲ್ಲಿ ಮುರಿದ್ರೆ?"

"ನೀವಿದೀರಲ್ಲ, ಬೆಸೆಯೋಕೆ."

"ಸೈಕಲ್ ಬೆಸೀತೀನಿ. ತಲೆ ಬೆಸೆಯೋಕೆ ಬರಲ್ಲ."

ಅವನು ನಕ್ಕ. ನಗು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವನು ಹೋದ ಮೇಲೆ ಕೊಳವೆ ಕತ್ತರಿಸಿ, ತುಂಡು ಕೂರಿಸಿ ಬೆಸೆದೆ. ಅರ್ಧ ಪೌಂಡ್. ಗೊತ್ತಾಗದಂತೆ ಉಜ್ಜಿ ಬಣ್ಣ ಬಳಿದೆ. ಶನಿವಾರ ಬಂದು ಸೈಕಲ್ ಎತ್ತಿದ, ಇಳಿಸಿ ಮತ್ತೊಮ್ಮೆ ಎತ್ತಿದ, ಹೋದ.

ಭಾನುವಾರ ಸೋತ. ಚಿಕ್ಕಮಗಳೂರು ರಸ್ತೆಯ ಇಳಿಜಾರಿನಲ್ಲಿ ಗುಂಡಿಗೆ ಇಳಿದರೂ ಸೈಕಲ್ ಮುರಿಯಲಿಲ್ಲವಂತೆ; ಆದರೆ ಒಂದು ಚಕ್ರದಷ್ಟು ಹಿಂದೆ ಬಿದ್ದನಂತೆ. ಕಾರಣ ತಿಳಿದರೆ ಅವನು ಇನ್ನು ಈ ಕಡೆ ಬರುವುದಿಲ್ಲ. ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಸೋಮವಾರ ಬಂದ. ಅವನು ಸೈಕಲ್ ನಿಲ್ಲಿಸುವ ಮೊದಲೇ ಹೇಳಿಬಿಟ್ಟೆ. "ಕೊಳವೆ ಒಳಗೆ ಕಬ್ಬಿಣ ಇಟ್ಟಿದ್ದೆ. ನೀವು ಸೋತಿದ್ದು ನನ್ನಿಂದ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಶನಿವಾರಾನೇ. ದಿನಾ ತೂಗೋ ಕೈ ಇದು. ಎತ್ತಿದ ಕೂಡ್ಲೇ ತಿಳೀತು."

"ಮತ್ತೆ ತೆಗೆಸ್ಬೇಕಿತ್ತು."

ಅವನು ಸೀಟಿನ ಮೇಲೆ ಇಲ್ಲದ ಧೂಳನ್ನು ಒರೆಸಿದ. "ನಾನು ಹುಷಾರಾಗಿ ವಾಪಸ್ ಬರ್ಲಿ ಅಂತ ಇಲ್ಲೀತನಕ ಯಾರೂ ಇಷ್ಟು ಕಷ್ಟಪಟ್ಟಿರಲಿಲ್ಲ. ಅದನ್ನ ತೆಗೆಸೋಕೆ ಮನಸ್ಸು ಬರಲಿಲ್ಲ."

ನನ್ನ ಕೈಯಲ್ಲಿದ್ದ ಇಕ್ಕಳ ಯಾಕಿತ್ತೋ ಮರೆತುಹೋಯಿತು. ಅಷ್ಟು ಸಂತೋಷವಾಗಿತ್ತು.

"ಈಗ ಹಿಂದೊಂದು ಕ್ಯಾರಿಯರ್ ಹಾಕ್ಬೇಕು," ಎಂದ.

"ಭಾರ ಆಗುತ್ತೆ."

"ಎಷ್ಟಾಗುತ್ತೆ ಮಾರಾಯ್ರೆ?"

"ನಾನೂ ಕೂತ್ರೆ ನೂರು ಪೌಂಡ್."

ಕಣ್ಣು ಮಂಜಾದರೂ ಕಿವಿ ಚುರುಕಾಗಿದ್ದ ಅಪ್ಪ ಕುಲುಮೆಯ ಮೂಲೆಯಿಂದ ಮೆಲ್ಲಗೆ ಎದ್ದು ಹೊರಗೆ ಹೋದರು.

"ಫ್ರೇಮ್ ತಡೆಯುತ್ತಾ?" ನಿಂಗಯ್ಯ ಕೇಳಿದ.

"ಈಗ ತಡೆಯುತ್ತೆ," ಎಂದೆ.