ಫ್ರಿಜ್ಜಿನ ಹಿಂದಿನ ಅಕ್ಷರ

"ಯಾರೂ ಮಾತಾಡಬ್ಯಾಡ್ರಿ. ಒಂದೀಟು ಕೇಳಸಲಿ."

ಇಬ್ರಾಹಿಂಸಾಬ ಫ್ರಿಜ್ಜಿನ ಬೆನ್ನಿಗೆ ಕಿವಿ ಹಚ್ಚಿ ಕುಳಿತಿದ್ದ. ಪಡಸಾಲೆಯಲ್ಲಿ ಸೇರಿದ್ದ ಓಣಿಯ ಮಂದಿ ಸುಮ್ಮನಾದರು. ಬಿಳಿ ಫ್ರಿಜ್ 'ಗುಂಯ್' ಎಂದಿತು. ಹತ್ತು ಎಣಿಸುವಷ್ಟು ಹೊತ್ತು ಗುಂಯ್‌ಗುಟ್ಟಿ 'ಟಕ್' ಎಂದು ನಿಂತಿತು.

ಮಗಳು ಅಬಿದಾ ರಿಪೇರಿ ಸಾಮಾನಿನ ಚೀಲ ಹಿಡಿದು ಅಪ್ಪನ ಪಕ್ಕದಲ್ಲಿ ನಿಂತಿದ್ದಳು. ಫ್ರಿಜ್ ಕೆಟ್ಟಿದ್ದಕ್ಕೆ ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಇಂಡಿ ಊರಿನ ಆ ಓಣಿಗೆ ಫ್ರಿಜ್ ಬಂದು ಎರಡು ತಿಂಗಳಾಗಿತ್ತು. ನಿಂಬೆಹಣ್ಣಿನ ವ್ಯಾಪಾರಿ ರಾವಸಾಬ ಅದನ್ನು ಸೋಲಾಪುರದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ಹಣ್ಣು ಒಯ್ದ ಲಾರಿಯಲ್ಲೇ ತಂದಿದ್ದ. ಅವನ ಮಗಳು ರೇವವ್ವ ಮತ್ತು ಅಬಿದಾ ಇಬ್ಬರೂ ಐದನೆಯ ಇಯತ್ತೆಯಲ್ಲಿ ಓದುತ್ತಿದ್ದರು.

ಅದಕ್ಕೂ ಮೊದಲು ಶಾಲೆಯ ಬಿಡುವಿನಲ್ಲಿ ಹುಡುಗಿಯರೆಲ್ಲ ಅಬಿದಾಳ ಸುತ್ತ ಸೇರುತ್ತಿದ್ದರು. ಅವಳ ಅಪ್ಪ ಫ್ಯಾನು, ಪಂಪಸೆಟ್ಟು, ರೇಡಿಯೋ ರಿಪೇರಿ ಮಾಡುವವನು. ಒಡೆದ ಸ್ಪೀಕರಿನ ಲೋಹಚುಂಬಕ ಅವಳ ಬಳಿ ಇರುತ್ತಿತ್ತು. ಈಗ ಬಿಡುವು ಆದ ಕೂಡಲೇ ರೇವವ್ವ ಮನೆಗೆ ಓಡಿ, ತಂಬಿಗೆಯಲ್ಲಿ ಬರ್ಫ್ ತುಂಬಿಕೊಂಡು ಬರುತ್ತಿದ್ದಳು. ಗುಂಡವ್ವನಿಗೆ ಒಂದು ತುಂಡು, ಚಂದವ್ವನಿಗೆ ಒಂದು ತುಂಡು. ಅಬಿದಾಳ ಸರದಿ ಬರುವಷ್ಟರಲ್ಲಿ ತುಂಡು ಕರಗಿ ಹುಣಸೆಬೀಜದಷ್ಟಾಗಿರುತ್ತಿತ್ತು. ಲೋಹಚುಂಬಕವನ್ನು ಯಾರೂ ಕೇಳುತ್ತಿರಲಿಲ್ಲ.

ಅಪ್ಪ ಫ್ರಿಜ್ಜಿನ ಬಾಗಿಲು ತೆರೆದ. ಒಳಗಿನ ದೀಪ ಹತ್ತಿತು. ಅಂದರೆ ಕರೆಂಟು ಬರುತ್ತಿದೆ. ಆಮೇಲೆ ಪ್ಲಗ್ ಕಿತ್ತು, ಹಿಂದೆ ಕೆಳಗಡೆ ಬೋರಲು ಹಾಕಿದ ಗಡಿಗೆಯಂತಿದ್ದ ಕಪ್ಪು ಮೋಟರಿನ ಪಕ್ಕದ ಮುಚ್ಚಳ ಬಿಚ್ಚಿದ. ಒಳಗಿನಿಂದ ಕಡ್ಡಿಪೆಟ್ಟಿಗೆಯಷ್ಟು ದೊಡ್ಡದಾದ ಒಂದು ಸಾಮಾನು ಹೊರಬಂತು. ಅದರ ಒಂದು ಮಗ್ಗುಲು ಸುಟ್ಟು ಕರ್ರಗಾಗಿತ್ತು.

"ಇದೇನ್ರಿ ಕಾಕಾ?" ರೇವವ್ವ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು ಕೇಳಿದಳು.

"ರಿಲೇ ಅಂತಾರವ್ವಾ. ಮೋಟರ್ ತಾನಾಗೇ ಏಳಂಗಿಲ್ಲ. ಏಳೂ ಮುಂದ ಹಿಂದಿಂದ ಒಂದು ಸಲ ನೂಕಬೇಕು. ಆ ನೂಕೂ ಕೆಲಸ ಇದರದು."

ರೇವವ್ವ ಮತ್ತೊಂದು ಕೇಳಿದಳು. ಅಪ್ಪ ಅದಕ್ಕೂ ಹೇಳಿದ. ಮೋಟರಿನ ಮೂರು ಪಿನ್ನುಗಳನ್ನು ತೋರಿಸಿದ. ಟೆಸ್ಟ್ ಲ್ಯಾಂಪಿನ ವೈರುಗಳನ್ನು ಒಂದೊಂದಕ್ಕೇ ಹಚ್ಚಿದಾಗ ಬಲ್ಬು ಹತ್ತುತ್ತದೆಯೇ ನೋಡು ಎಂದು ಅವಳಿಗೇ ಹೇಳಿದ. ಮೂರು ಸಲವೂ ಹತ್ತಿತು. ಕೊನೆಗೆ ಎಲ್ಲರನ್ನೂ ದೂರ ಸರಿಸಿ, ಮತ್ತೆ ಕರೆಂಟು ಕೊಟ್ಟು, ಒಂದು ವೈರನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಪಿನ್ನಿಗೆ ತಾಗಿಸಿದ. ಮೋಟರ್ ಎದ್ದು 'ಝುಂ' ಎಂದು ಓಡತೊಡಗಿತು. ಮೋಟರಿಗೆ ಏನೂ ಆಗಿಲ್ಲ, ಕೆಟ್ಟದ್ದು ರಿಲೇ ಒಂದೇ ಎಂದು ಅಪ್ಪ ರಾವಸಾಬನಿಗೆ ಹೇಳಿದ.

ಅಂಗಡಿಯಲ್ಲಿ ಅಬಿದಾ ಒಂದು ವೈರಿಗೆ ಕೈ ಹಾಕಿದರೂ ಅಪ್ಪ ಗದರುತ್ತಿದ್ದ. ಕರೆಂಟ್ ಹೊಡೆಯುತ್ತದೆ, ಹೋಗಿ ಓದಿಕೋ ಎನ್ನುತ್ತಿದ್ದ. ರೇವವ್ವನಿಗಾದರೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾನೆ.

ರಿಲೇ ಸೋಲಾಪುರದಲ್ಲಿ ಸಿಗುತ್ತಿತ್ತು. ಆದರೆ ಎಲ್ಲ ರಿಲೇಗಳೂ ನೋಡಲು ಒಂದೇ ಥರ, ಯಾವ ಮೋಟರಿಗೆ ಯಾವುದು ಎಂದು ನಂಬರಿನಿಂದಲೇ ಗೊತ್ತಾಗಬೇಕು. ರಿಲೇಯ ಮೇಲಿನ ನಂಬರು ಸುಟ್ಟು ಹೋಗಿತ್ತು. ಮೋಟರಿನ ಆಚೆ ಮಗ್ಗುಲಿಗೆ ನಂಬರು ಕೆತ್ತಿದ ಒಂದು ತಗಡಿನ ಪಟ್ಟಿ ಇತ್ತು. ಅಲ್ಲಿ ದೊಡ್ಡವರ ತಲೆ ತೂರುತ್ತಿರಲಿಲ್ಲ. ತೂರಿದರೂ ಇಬ್ರಾಹಿಂಸಾಬನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ಅಬಿದಾ ಚೀಲ ಕೆಳಗಿಟ್ಟು ಬಗ್ಗಿದಳು. ಎ ಬಿ ಸಿ ಡಿಯಲ್ಲಿ ಇಡೀ ವರ್ಗಕ್ಕೆ ಅವಳೇ ಮೊದಲು. ಆದರೆ ಅಪ್ಪ ಬ್ಯಾಟರಿ ದೀಪವನ್ನು ರೇವವ್ವನ ಕಡೆಗೆ ಚಾಚಿದ್ದ.

"ನೀ ಓದವ್ವಾ, ರೇವವ್ವಾ. ನಿಮ್ಮ ಮನಿ ಫ್ರಿಜ್ ಅಲ್ಲೇನು."

ರೇವವ್ವ ತಲೆ ತೂರಿಸಿ ಒಂದೊಂದೇ ಅಕ್ಷರ ಓದಿದಳು. ಕೆ. ಎರಡು. ನಾಲ್ಕು. ಸಿ. ಎದ್ದು ಬಂದು ಒಂದು ಕಾಗದದ ಮೇಲೆ ದುಂಡಗೆ ಬರೆದು ಕೊಟ್ಟಳು. ಅಪ್ಪ ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಶಾಬ್ಬಾಸ್ ಎಂದ.

ಸಾಮಾನು ಚೀಲಕ್ಕೆ ತುಂಬುವಾಗ ಒಂದು ಸ್ಕ್ರೂಡ್ರೈವರ್ ಕಾಣಲಿಲ್ಲ. ಅದು ಮೋಟರಿನ ಹಿಂದೆ ಉರುಳಿತ್ತು. ಅಬಿದಾ ಬ್ಯಾಟರಿ ಹಿಡಿದು ಒಳಗೆ ತಲೆ ತೂರಿಸಿದಳು. ತಗಡಿನ ಪಟ್ಟಿ ಅವಳ ಮೂಗಿನ ಮುಂದೆಯೇ ಇತ್ತು. ಕೊನೆಯ ಅಕ್ಷರದ ಮೇಲೆ ಜಿಡ್ಡು ಕೂತಿತ್ತು. ಲಂಗದ ಅಂಚಿನಿಂದ ಒರೆಸಿದಳು. ಜಿಡ್ಡಿನ ಕೆಳಗಿನಿಂದ ಒಂದು ಸಣ್ಣ ಕೊಕ್ಕೆ ಎದ್ದು ಕಂಡಿತು.

ಅದು ಸಿ ಅಲ್ಲ. ಜಿ.

ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ರಾವಸಾಬ ಮಗಳ ತಲೆ ಸವರಿ, ಇಂಗ್ಲಿಷ್ ಓದುತ್ತಾಳೆ ನೋಡು ಎಂದು ಮಂದಿಗೆ ಹೇಳುವುದು ಕೇಳಿಸಿತು. ಅಪ್ಪನೂ ಹೌದೆಂದು ನಗುತ್ತಿದ್ದ.

ಅಬಿದಾ ಬಾಯಿ ಮುಚ್ಚಿದಳು. ತಪ್ಪು ಸಾಮಾನು ಬರಲಿ. ಯಾರಿಗೆ ಓದಲು ಬರುವುದಿಲ್ಲ ಎಂದು ಆಗ ಎಲ್ಲರಿಗೂ ಗೊತ್ತಾಗಲಿ.

ಸ್ಕ್ರೂಡ್ರೈವರ್ ತಂದು ಅಪ್ಪನ ಕೈಗಿಟ್ಟಳು.

ಮರುದಿನ ಅಪ್ಪ ಅಂಗಡಿ ಮುಚ್ಚಿ, ಝಳಕಿಯಲ್ಲಿ ಬಸ್ಸು ಬದಲಿಸಿ ಸೋಲಾಪುರಕ್ಕೆ ಹೋದ. ಬಂದಾಗ ಹೊತ್ತು ಮುಳುಗಿತ್ತು. ಅವನು ಒಂದು ಕಾಲಕ್ಕೆ ಸೋಲಾಪುರದ ಫ್ರಿಜ್ ಅಂಗಡಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದ. ಇಂಡಿಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಅವನು ಹೆಂಡತಿ ಖಾತುನಬಿಗೆ, ಇನ್ನು ಮೇಲೆ ಜನ ಪಂಪಸೆಟ್ಟಿಗಷ್ಟೇ ಅಲ್ಲ, ಫ್ರಿಜ್ಜಿಗೂ ತನ್ನನ್ನೇ ಕರೆಯುತ್ತಾರೆ ಎಂದು ಹೇಳಿದ. ಅಬಿದಾ ತಾಟು ನೋಡುತ್ತಾ ಉಂಡಳು.

ಮಾರನೆಯ ದಿನ ರಾವಸಾಬನ ಪಡಸಾಲೆಯಲ್ಲಿ ಮತ್ತೆ ಮಂದಿ ಸೇರಿತು. ಅಪ್ಪ ಹೊಸ ರಿಲೇ ಕೂಡಿಸಿ ಪ್ಲಗ್ ಹಾಕಿದ.

ಗುಂಯ್.

ಟಕ್.

ಅಬಿದಾ ಥಟ್ಟನೆ ರೇವವ್ವನ ಮುಖ ನೋಡಿದಳು. ಆದರೆ ಬೇರೆ ಯಾರೂ ರೇವವ್ವನನ್ನು ನೋಡಲಿಲ್ಲ. ಎಲ್ಲರೂ ನೋಡಿದ್ದು ಅಪ್ಪನನ್ನು.

ಅಪ್ಪ ಮತ್ತೊಮ್ಮೆ ಹಾಕಿದ. ಮತ್ತೆ ಟಕ್. ಬಿಚ್ಚಿ ನೋಡಿದ, ಕೂಡಿಸಿದ, ಮತ್ತೆ ಟಕ್. ಯಾರೋ ಹಿಂದಿನಿಂದ ನಕ್ಕರು.

ರಾವಸಾಬ ಜೋರು ಮಾಡಲಿಲ್ಲ. ಮೆಲ್ಲಗೇ ಹೇಳಿದ.

"ಇಬ್ರಾಹಿಂಸಾಬ, ಪಂಪಸೆಟ್ ಬ್ಯಾರೆ, ಇದು ಬ್ಯಾರೆ. ತಿಳಿಯೂದಿಲ್ಲಂದ್ರ ಮೊದಲ ಹೇಳಬೇಕಿತ್ತು. ನಾ ಸೋಲಾಪುರದಿಂದ ಮಿಸ್ತ್ರಿನ ಕರಸ್ತೇನಿ, ಬಿಡು."

ಅಪ್ಪ ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. ನಂಬರು ಬರೆದ ಕಾಗದ ಅವನ ಜೇಬಿನಲ್ಲೇ ಇತ್ತು. ಅದನ್ನು ಅವನು ಹೊರಗೆ ತೆಗೆಯಲಿಲ್ಲ.

ಇಬ್ಬರೂ ಮನೆಗೆ ಬಂದರು. ಚಹಾ ಕೊಟ್ಟ ಖಾತುನಬಿ ಏನಾಯಿತೆಂದು ಕೇಳಿದಳು.

"ಕೈ ಮರತೈತಿ ಅನಸ್ತೈತಿ," ಎಂದ ಅಪ್ಪ. "ಸೋಲಾಪುರ ಬಿಟ್ಟು ಎಂಟ ವರ್ಷ ಆತಲ್ಲ."

ಆಮೇಲೆ ಅಂಗಳದಲ್ಲಿ ಕುಳಿತು, ಸುಟ್ಟ ರಿಲೇಯನ್ನೂ ಹೊಸ ರಿಲೇಯನ್ನೂ ಎರಡು ಅಂಗೈಗಳಲ್ಲಿ ಹಿಡಿದು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಬೆರಳು ಮಡಿಚುತ್ತಾ ಮೂರು ಪಿನ್ನುಗಳ ಹೆಸರು ತನ್ನಷ್ಟಕ್ಕೇ ಹೇಳಿಕೊಂಡ, ಪಾಠ ಮರೆತ ಹುಡುಗನ ಹಾಗೆ.

ಅಬಿದಾಳಿಗೆ ಅದನ್ನು ನೋಡಲಾಗಲಿಲ್ಲ. ಹತ್ತಿರ ಹೋಗಿ ನಿಂತಳು.

"ಅಬ್ಬಾ, ನಿನ್ನ ಕೈ ಮರತಿಲ್ಲ. ನಂಬರ್ ತಪ್ಪೈತಿ. ಅದು ಸಿ ಅಲ್ಲ, ಜಿ."

ಅಪ್ಪ ತಲೆ ಎತ್ತಿದ. ನಿನಗೆ ಹೇಗೆ ಗೊತ್ತು ಎಂದು ಕೇಳಿದ. ಅವಳು ಎಲ್ಲವನ್ನೂ ಹೇಳಿದಳು. ಜಿಡ್ಡು ಒರೆಸಿದ್ದು, ಕೊಕ್ಕೆ ಕಂಡದ್ದು, ಬಾಯಿ ಮುಚ್ಚಿಕೊಂಡದ್ದು.

"ಗೊತ್ತಿದ್ದೂ ಸುಮ್ಮನಿದ್ದಿ?"

"ನೀ ಆಕಿಗೆ ಎಲ್ಲಾ ತೋರಿಸಿದಿ. ನನಗ ಒಂದಿನಾನೂ ತೋರಿಸಿಲ್ಲ. ಓದಾಕೂ ಆಕಿಗೇ ಹೇಳಿದಿ."

ಅಪ್ಪ ಬಯ್ಯುತ್ತಾನೆಂದು ಅವಳು ಕಾದಳು. ಅವನು ರಿಲೇಗಳನ್ನು ಕೆಳಗಿಟ್ಟ.

"ಮಂದಿ ಮಕ್ಕಳು ಕೇಳಿದ್ರ ನನಗ ಇಲ್ಲ ಅನ್ನಾಕ ಬರಂಗಿಲ್ಲ. ನಿನಗಾದ್ರ ಅಂತೇನಿ. ಅದು ಖರೇ," ಎಂದ. "ಆದ್ರ ಆಕಿ ಓದಾಕತ್ತಾಗ ನನಗ ಅಂಜಿಕಿ ಇರಲಿಲ್ಲ. ಬಾಜೂಕ ನೀ ನಿಂತಿದ್ದಿ. ತಪ್ಪಾದ್ರ ನಮ್ಮ ಅಬಿದಾ ಹೇಳ್ತಾಳ ಅಂತ ತಿಳಕೊಂಡಿದ್ದೆ."

ಬಯ್ದಿದ್ದರೆ ಅವಳಿಗೆ ಇಷ್ಟು ಅಳು ಬರುತ್ತಿರಲಿಲ್ಲ.

ಬೆಳಿಗ್ಗೆ ಇಬ್ಬರೂ ರಾವಸಾಬನ ಮನೆಗೆ ಹೋದರು. ಅಪ್ಪ ಈಗ ರೇವವ್ವನ ಹೆಸರು ಹೇಳಿಬಿಡುತ್ತಾನೆ ಎಂದು ಅಬಿದಾ ಎಣಿಸಿದ್ದಳು. ಅವನು, "ನಂಬರ್ ನೋಡೋದ್ರಾಗ ನಮ್ಮಿಂದ ತಪ್ಪಾಗೇತ್ರಿ. ಇನ್ನೊಂದ ಸಲ ನೋಡತೇವಿ," ಎಂದಷ್ಟೇ ಹೇಳಿದ. ರಾವಸಾಬ ಗೊಣಗಿದ. ಸೋಲಾಪುರದ ಮಿಸ್ತ್ರಿಗೆ ಕಾಗದ ಬರೆಯುವುದನ್ನು ರವಿವಾರದವರೆಗೆ ತಡೆಯುತ್ತೇನೆ, ಅದರ ಮೇಲೆ ಒಂದು ದಿನವೂ ಇಲ್ಲ ಎಂದ.

ಅಬಿದಾ ಫ್ರಿಜ್ಜಿನ ಹಿಂದೆ ತೂರಿದಳು. ರೇವವ್ವ ಬ್ಯಾಟರಿ ಹಿಡಿದು ಹಿಂದೆಯೇ ಬಂದಳು. ಪಟ್ಟಿಯ ಮೇಲೆ ಬೆಳಕು ಬಿತ್ತು. ಒರೆಸಿದ ಅಕ್ಷರ ಈಗ ಸ್ವಚ್ಛವಾಗಿ ಹೊಳೆಯುತ್ತಿತ್ತು. ರೇವವ್ವ ಅದನ್ನು ನೋಡಿದಳು. ಅವಳ ಕಿವಿ ಕೆಂಪಾದವು.

"ಇದನ್ನ ಯಾರು ಒರಸ್ಯಾರ?" ಎಂದು ಪಿಸುಗುಟ್ಟಿದಳು.

"ನಾನು."

"ಯಾವಾಗ?"

ಸುಳ್ಳು ಹೇಳಬಹುದಿತ್ತು. ಅಬಿದಾ ಹೇಳಲಿಲ್ಲ. "ಅವತ್ತ. ನೀ ಓದಿದ ಮ್ಯಾಲೆ."

ರೇವವ್ವ ಬ್ಯಾಟರಿಯನ್ನು ಅವಳ ಕೈಗೆ ಕೊಟ್ಟು ಎದ್ದು ಒಳಗೆ ಹೋದಳು. ಆ ದಿನ ಶಾಲೆಯಲ್ಲಿ ಅವಳು ಅಬಿದಾಳನ್ನು ಮಾತಾಡಿಸಲಿಲ್ಲ. ಮರುದಿನವೂ ಮಾತಾಡಿಸಲಿಲ್ಲ.

ರವಿವಾರ ನಸುಕಿನ ಬಸ್ಸಿಗೆ ಅಪ್ಪ ಅಬಿದಾಳನ್ನೂ ಕರೆದುಕೊಂಡು ಹೋದ. ಸೋಲಾಪುರದ ಆ ಅಂಗಡಿ ಪೆಟ್ಟಿಗೆಗಳಿಂದ ತುಂಬಿಹೋಗಿತ್ತು. ರವಿವಾರವಾದ್ದರಿಂದ ಅಂಗಡಿಯವನು ಅರ್ಧ ಬಾಗಿಲು ತೆಗೆದಿದ್ದ. ನಂಬರ್ ಏನು ಎಂದು ಅವನು ಕೇಳಿದಾಗ ಅಪ್ಪ ಮಗಳ ಕಡೆ ನೋಡಿದ. ಅಬಿದಾ ಹೇಳಿದಳು. ಅಂಗಡಿಯವನು ಎರಡು ಪೆಟ್ಟಿಗೆ ತೆಗೆದು ಮುಂದೆ ಇಟ್ಟ. ಒಂದರಲ್ಲಿ ಸಿ, ಒಂದರಲ್ಲಿ ಜಿ. ರಿಲೇಗಳು ಒಂದೇ ತಾಯಿಯ ಮಕ್ಕಳ ಹಾಗೆ ಇದ್ದವು. ದೊಡ್ಡ ಮೋಟರಿನದನ್ನು ಸಣ್ಣ ಮೋಟರಿಗೆ ಹಾಕಿದರೆ ಅದು ನೂಕುವುದೇ ಇಲ್ಲ ಎಂದು ಅವನು ನಕ್ಕ. ಅಬಿದಾ ಜಿ ಇರುವುದನ್ನು ಎರಡು ಸಲ ಓದಿ ನೋಡಿ ಅಪ್ಪನ ಕೈಗೆ ಕೊಟ್ಟಳು.

ಇಂಡಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ನೇರವಾಗಿ ರಾವಸಾಬನ ಮನೆಗೇ ಹೋದರು. ಈ ಸಲ ಮಂದಿ ಇರಲಿಲ್ಲ. ರಾವಸಾಬ ಕಟ್ಟೆಯ ಮೇಲೆ ಯಾರದೋ ಜೊತೆ ಹಣ್ಣಿನ ಮಾತಾಡುತ್ತಿದ್ದವನು, ಅಲ್ಲಿಂದಲೇ ಹೋಗಿ ನೋಡಿರೆಂದು ಕೈ ಮಾಡಿದ.

ಅಪ್ಪ ಪ್ಲಗ್ ಕಿತ್ತಿದ್ದನ್ನು ಅಬಿದಾಳಿಗೆ ತೋರಿಸಿದ. ಆಮೇಲೆ ರಿಲೇಯನ್ನು ಅವಳ ಕೈಗೆ ಕೊಟ್ಟ. "ಪಿನ್ನಿಗೆ ಸೀದಾ ಹಿಡಿ. ಜೋರ್ ಮಾಡಬ್ಯಾಡ. ಕುಂದರ್ತೈತಿ."

ಅವನ ದೊಡ್ಡ ಕೈ ಅವಳ ಕೈಯ ಕೆಳಗಿತ್ತು. ರಿಲೇ ಮೆಲ್ಲಗೆ ಕೂತಿತು. ಅಬಿದಾಳ ಎದೆ ಸಂತೋಷದಿಂದ ಉಬ್ಬಿತು. ಆ ಸಂತೋಷದಲ್ಲೇ ತಲೆ ಎತ್ತಿದಳು.

ಅಡಿಗೆಮನೆಯ ಬಾಗಿಲಲ್ಲಿ ರೇವವ್ವ ನಿಂತಿದ್ದಳು. ಅವಳು ಫ್ರಿಜ್ಜನ್ನು ನೋಡುತ್ತಿರಲಿಲ್ಲ. ಇಬ್ರಾಹಿಂಸಾಬನ ಕೈಯನ್ನೂ, ಅದರ ಮೇಲಿದ್ದ ಅಬಿದಾಳ ಕೈಯನ್ನೂ ನೋಡುತ್ತಿದ್ದಳು. ಆಮೇಲೆ ಒಮ್ಮೆ ಹೊರಗೆ, ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ ತನ್ನ ಅಪ್ಪನನ್ನು ನೋಡಿದಳು. ತುಟಿ ಬಿಗಿದಿದ್ದವು.

ಆ ಮುಖ ಎಂಥದೆಂದು ಅಬಿದಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ದಿನ ತನ್ನ ಮುಖವೂ ಹಾಗೆಯೇ ಇದ್ದಿರಬೇಕು.

ಅಪ್ಪ ಪ್ಲಗ್ ಹಾಕಿದ. ಗುಂಯ್ ಎಂದಿತು. ಮೂವರೂ ಉಸಿರು ಹಿಡಿದರು. ಟಕ್ ಎನ್ನಲಿಲ್ಲ. ಮೋಟರ್ ಎದ್ದು, ಒಮ್ಮೆ ನಡುಗಿ, ಒಂದೇ ಸಮನೆ ಓಡತೊಡಗಿತು. ಅಪ್ಪ ಹಣೆಯ ಬೆವರು ಒರೆಸಿಕೊಂಡು, ಮೋಟರಿನ ಮೇಲಿನ ಕಬ್ಬಿಣಕ್ಕೆ ಕೈ ಇಟ್ಟು ನೋಡು, ಅದರ ಜೀವ ಗೊತ್ತಾಗುತ್ತದೆ ಎಂದ.

ಅಬಿದಾ ಕೈ ಇಟ್ಟಳು. ಅಂಗೈ ಒಳಗೆ ಸಣ್ಣಗೆ ಗುಳುಗುಳು ಎಂದಿತು. ಕೊಳವೆಗಳ ನಡುವೆ ಇದ್ದ ಆ ಜಾಗ ಒಂದೇ ಒಂದು ಅಂಗೈಯಷ್ಟಿತ್ತು. ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಂಡಿರಬೇಕೆನಿಸಿತು.

ಅವಳು ಕೈ ತೆಗೆದು ಪಕ್ಕಕ್ಕೆ ಸರಿದಳು.

"ಬಾ, ರೇವವ್ವಾ. ಇಲ್ಲೆ ಇಡು."

ರೇವವ್ವ ಒಮ್ಮೆಲೇ ಬರಲಿಲ್ಲ. ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ಅಬಿದಾ ಮತ್ತೆ ಕರೆಯಲಿಲ್ಲ. ಜಾಗ ಬಿಟ್ಟುಕೊಂಡೇ ಕುಳಿತಳು.

ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸಪ್ಪಳ ಹತ್ತಿರ ಬಂತು.